ಜಿಂಗಲ್ ಬೆಲ್ಸ್ ಕಟ್ಟಿದವರ ಕಥೆಯನ್ನೂ ಬರೆಯಿರಿ

ಸಂಪಾದಕರೇ,

ಡಿಸೆಂಬರ್ ಬಂದರೆ ಅಂಗಡಿ, ಶಾಲೆ ಎಲ್ಲ ಕಡೆ ‘ಜಿಂಗಲ್ ಬೆಲ್ಸ್’ ಎಂಬ ಕ್ರಿಸ್‌ಮಸ್ ಹಾಡು ಕೇಳಿಸುತ್ತದೆ. ಅದನ್ನು ಕಟ್ಟಿದ ಜೇಮ್ಸ್ ಪಿಯರ್‌ಪಾಂಟ್ ಬಗ್ಗೆ ಮಾತೇ ಇಲ್ಲ. ಅಮೆರಿಕದ ಸವಾನಾ ಊರಲ್ಲಿ ಅಣ್ಣ ಪಾದ್ರಿಯಾಗಿದ್ದ ಚರ್ಚಿನಲ್ಲೇ ಇವರು ಆರ್ಗನ್ ನುಡಿಸುತ್ತಿದ್ದರು. 1857ರಲ್ಲಿ ಬಾಸ್ಟನ್‌ನಲ್ಲಿ ಹಾಡು ಅಚ್ಚಾಯಿತು. ಅದರಲ್ಲಿ ಕ್ರಿಸ್‌ಮಸ್ ಹೆಸರೇ ಇಲ್ಲ, ಗೊತ್ತಾ? ಒಂಟಿ ಕುದುರೆಯ ಹಿಮಬಂಡಿ, ಪಕ್ಕದಲ್ಲಿ ಫ್ಯಾನಿ ಬ್ರೈಟ್ ಎಂಬ ಹುಡುಗಿ, ಆಮೇಲೆ ಕುದುರೆ ಹಿಮದ ರಾಶಿಗೆ ನುಗ್ಗಿ ಬಂಡಿ ಮಗುಚುತ್ತದೆ, ಅಷ್ಟೇ. ಬೇಸರದ ಸಂಗತಿಯೂ ಇದೆ: ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸುತ್ತಿದ್ದ ಮೇಳದಲ್ಲಿ ಇದನ್ನು ಆಗ ಹಾಡಿದ್ದರು. ಪಿಯರ್‌ಪಾಂಟ್ ಅವರ ತಂದೆ ಗುಲಾಮಗಿರಿ ವಿರುದ್ಧ ದನಿ ಎತ್ತಿದವರು, ಮಗ ಮಾತ್ರ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಸೈನ್ಯ ಸೇರಿದರು. ಹಾಡು ಬಿಡಿ ಅಂತ ನಾನು ಹೇಳುತ್ತಿಲ್ಲ, ರಾಗ ನನಗೂ ತುಂಬ ಇಷ್ಟ. ಈ ಸಲದ ಪುರವಣಿಯಲ್ಲಿ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆಯಿರಿ, ದೊಡ್ಡ ಮಕ್ಕಳೂ ಓದಲಿ.

– ಒಬ್ಬ ಓದುಗ, ಮೈಸೂರು