ಸೂಕ್ತ ಕ್ರಮ ಅಂದರೆ ಯಾವ ಕ್ರಮ?

ಪ್ರೀತಿಯ ತಂಗಿ,

ನೀನು ಕಳಿಸಿದ ಮೂರು ಪತ್ರಗಳ ನಕಲನ್ನೂ ಜೊತೆಗಿದ್ದ ಒಂದೂವರೆ ಪುಟದ ಸಿಟ್ಟನ್ನೂ ಓದಿದೆ. ಕತೆ ಬರೆಯುವ ಹುಡುಗಿ ಅಂತ ಬೀದಿಯವರೆಲ್ಲ ನಿನ್ನ ಕೈಲಿ ಅರ್ಜಿ ಬರೆಸಿಕೊಂಡು ಹೋಗುತ್ತಾರೆ, ಒಂದಕ್ಕೂ ಉತ್ತರ ಬಂದಿಲ್ಲ, ಇನ್ನು ಪೆನ್ನು ಮುಟ್ಟುವುದೇ ಬೇಡ ಅನ್ನಿಸಿದೆ ಎಂದಿದ್ದೀಯ. ಮುಟ್ಟು. ಮನೆ ಮಾಲೀಕರಿಗೆ ಬರೆದ ಪತ್ರದ ಎರಡನೇ ಪುಟದಲ್ಲಿ ಖಾಲಿ ಮನೆಯ ಗೋಡೆ ಮೇಲಿನ ಕ್ಯಾಲೆಂಡರ್ ಗುರುತಿನ ಸಾಲು ಬಹಳ ಚೆನ್ನಾಗಿದೆ, ಅದನ್ನು ಕತ್ತರಿಸಿ ಯಾವುದಾದರೂ ಕತೆಗೆ ಎತ್ತಿಟ್ಟುಕೋ. ಆದರೆ ಮನೆ ಖಾಲಿ ಮಾಡಿದ ಬಾಡಿಗೆದಾರರಿಗೆ ವಾಪಸು ಬರಬೇಕಾದ ಅಡ್ವಾನ್ಸ್ ಎಷ್ಟು ಎಂದು ಮೂರೂ ಪುಟ ಹುಡುಕಿದರೂ ಸಿಗಲಿಲ್ಲ.

ಇವರಿಂದ, ಇವರಿಗೆ, ವಿಷಯ, ಉಲ್ಲೇಖ, ಸ್ಥಳ, ದಿನಾಂಕ ಇವೆಲ್ಲ ಹೈಸ್ಕೂಲಿನ ವ್ಯಾಕರಣ ಪುಸ್ತಕದಲ್ಲಿವೆ. ಎಡಕ್ಕೆ ಬರೆಯಬೇಕೋ ಬಲಕ್ಕೋ ಅಂತ ಕೇಳಿದ್ದೀಯಲ್ಲ, ಎಲ್ಲಿ ಬೇಕಾದರೂ ಬರಿ. ನನ್ನ ತಕರಾರು ಇರುವುದು ನಿನ್ನ ಮೂರೂ ಪತ್ರಗಳ ಕೊನೆಯ ಸಾಲಿನ ಮೇಲೆ. ಮೂರರಲ್ಲೂ ಅದೇ: "ದಯಮಾಡಿ ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕಳಕಳಿಯಿಂದ ವಿನಂತಿ." ಕನ್ನಡದ ಅರ್ಜಿಗಳನ್ನು ಈ ಎರಡು ಪದ ಹಾಳು ಮಾಡಿದಷ್ಟು ಕಾಗುಣಿತದ ತಪ್ಪು ಹಾಳು ಮಾಡಿಲ್ಲ. ಸೂಕ್ತ ಕ್ರಮ ಅಂದರೆ ಯಾವ ಕ್ರಮ? ನಿನಗೇ ಗೊತ್ತಿಲ್ಲದ್ದನ್ನು ಕಚೇರಿಯಲ್ಲಿ ಕಡತ ನೋಡುವ ಕೇಸ್ ವರ್ಕರ್ ಊಹಿಸಿ ಮಾಡಿಕೊಡಬೇಕೇ?

ಕಚೇರಿಯೊಳಗೆ ನಿನ್ನ ಕಾಗದ ಹೇಗೆ ನಡೆಯುತ್ತದೆ ನೋಡು. ಟಪಾಲು ವಿಭಾಗದಲ್ಲಿ ಅದಕ್ಕೆ ಮೊಹರು ಬೀಳುತ್ತದೆ, ಆವಕ ಸಂಖ್ಯೆ ಬರುತ್ತದೆ, ನಿನ್ನ 'ವಿಷಯ'ದ ಸಾಲು ವಹಿಗೋ ಕಂಪ್ಯೂಟರಿಗೋ ಏರುತ್ತದೆ. ಅಧಿಕಾರಿ ಆ ಸಾಲಿನ ಮೇಲೆ ಕಣ್ಣಾಡಿಸಿ ಒಂದು ಶಾಖೆಗೆ ಗುರುತು ಹಾಕುತ್ತಾರೆ. ಅಲ್ಲಿ ಕೇಸ್ ವರ್ಕರ್ ಕಡತದ ಟಿಪ್ಪಣಿ ಹಾಳೆಯಲ್ಲಿ "ಅರ್ಜಿದಾರರು ಇಂಥದ್ದನ್ನು ಕೋರಿರುತ್ತಾರೆ" ಎಂದು ಬರೆದು ಮೇಲಕ್ಕೆ ಕಳಿಸಬೇಕು. ಆ 'ಇಂಥದ್ದು' ನಿನ್ನ ಪತ್ರದಲ್ಲಿ ಒಂದು ಪೂರ್ತಿ ವಾಕ್ಯವಾಗಿ ಸಿಕ್ಕರೆ ಹಾಗೇ ನಕಲು ಮಾಡುತ್ತಾರೆ. ಸಿಗದಿದ್ದರೆ "ಸೂಕ್ತ ಕ್ರಮ ಕೋರಿರುತ್ತಾರೆ" ಎಂದು ಬರೆಯುತ್ತಾರೆ, ಮೇಲಿನವರು "ನಿಯಮಾನುಸಾರ ಕ್ರಮಕ್ಕಾಗಿ" ಎಂದು ಷರಾ ಹಾಕಿ ಕೆಳಗಿಳಿಸುತ್ತಾರೆ, ಅಲ್ಲಿಗೆ ಕಾಗದದ ತೀರ್ಥಯಾತ್ರೆ ಮುಗಿಯಿತು. ನಿನ್ನ ಗದ್ಯಕ್ಕೆ ಅವಮಾನವಾಯಿತು ಅಂತ ಕೊರಗಬೇಡ, ಅದನ್ನು ಯಾರೂ ಓದಿಯೇ ಇಲ್ಲ.

ಪಕ್ಕದ ಮನೆ ಮಗುವಿನ ಪತ್ರವನ್ನೇ ತಗೋ. "ಜನನ ಪ್ರಮಾಣಪತ್ರದ ವಿಚಾರದಲ್ಲಿ ಸೂಕ್ತ ಕ್ರಮ" ಎಂದು ಬರೆದಿದ್ದೀಯ. ಜನನ ಮರಣ ನೋಂದಣಿ ಕಾಯ್ದೆ, 1969ರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಹೆಸರು ಸೇರಿಸುವುದು 14ನೇ ಕಲಂ. ಇರುವ ಹೆಸರಿನ ತಪ್ಪು ತಿದ್ದಿಸುವುದು 15. ದಾಖಲೆ ಹುಡುಕಿಸಿ ಪ್ರತಿ ಪಡೆಯುವುದು 17. ಒಂದೊಂದಕ್ಕೂ ಬೇರೆ ದಾಖಲೆ, ಬೇರೆ ಶುಲ್ಕ. ಅವರಿಗೆ ಬೇಕಿದ್ದದ್ದು ಮೊದಲನೆಯದು ಎಂದು ನಿನ್ನ ಸಿಟ್ಟಿನ ಕಾಗದದಿಂದ ನನಗೆ ತಿಳಿಯಿತು, ಅರ್ಜಿಯಿಂದಲ್ಲ. ಹೀಗೆ ಬರೆದಿದ್ದರೆ ಸಾಕಿತ್ತು: "ನೋಂದಣಿ ಸಂಖ್ಯೆ ಇಷ್ಟು, ನೋಂದಣಿ ದಿನಾಂಕ ಇದು, ಈ ದಾಖಲೆಯಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. ಅಲ್ಲಿ ಈ ಹೆಸರನ್ನು ಸೇರಿಸಿ ಹೊಸ ಪ್ರಮಾಣಪತ್ರ ಕೊಡಿ." ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರಿ, ಇಂಗ್ಲಿಷಿನದು ದೊಡ್ಡ ಅಕ್ಷರಗಳಲ್ಲಿ. ಕಾಗುಣಿತವನ್ನು ಗುಮಾಸ್ತರ ಊಹೆಗೆ ಬಿಟ್ಟರೆ ಮುಂದಿನ ವರ್ಷ 15ನೇ ಕಲಮಿನಡಿ ಇನ್ನೊಂದು ಅರ್ಜಿ ಬರೆಯಬೇಕಾಗುತ್ತದೆ. ನೋಂದಣಿಯಾಗಿ 12 ತಿಂಗಳೊಳಗಾದರೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ ತಡಶುಲ್ಕ. ಮಗುವಿಗೆ ಹತ್ತು ತಿಂಗಳು ಎಂದಿದ್ದೀಯ, ಆದ್ದರಿಂದ ಇದನ್ನು ಈ ವಾರವೇ ಬರಿ.

ಈಗ ಅಡ್ವಾನ್ಸ್ ಪತ್ರ. ಇದರಲ್ಲಿ 'ಸೂಕ್ತ ಕ್ರಮ' ಓದಿದಾಗ ನಗು ಬಂತು, ಮಾಲೀಕರೇನು ತಹಶೀಲ್ದಾರರೇ? ದುಡ್ಡಿನ ಪತ್ರ ಲೆಕ್ಕದಿಂದ ಶುರುವಾಗಬೇಕು. ಕರಾರುಪತ್ರದ ದಿನಾಂಕ, ಮನೆಯ ಪೂರ್ತಿ ವಿಳಾಸ, ಕೊಟ್ಟ ಅಡ್ವಾನ್ಸ್, ಯಾವ ದಿನ ಯಾವ ಖಾತೆಯಿಂದ ಹೋಯಿತು, ಬೀಗದ ಕೈ ಒಪ್ಪಿಸಿದ್ದು ಯಾವತ್ತು, ಯಾವ ತಿಂಗಳವರೆಗೆ ಬಾಡಿಗೆ ಕಟ್ಟಿದೆ, ಆರ್.ಆರ್. ಸಂಖ್ಯೆಯ ಸಮೇತ ಕರೆಂಟು ಬಿಲ್ಲು ಎಲ್ಲಿಯವರೆಗೆ ತೀರಿದೆ. ಆಮೇಲೆ ಕಳೆಯುವುದನ್ನು ನೀನೇ ಕಳೆ. ಅಡ್ವಾನ್ಸ್ 1,50,000, ಕರಾರಿನಂತೆ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ 15,000, ಕೊನೆಯ ನೀರಿನ ಬಿಲ್ಲು 1,240 ಎಂದಾದರೆ ಬರಬೇಕಾದ್ದು 1,33,760 ರೂಪಾಯಿ. ಬಣ್ಣದ ದುಡ್ಡನ್ನು ಮುಚ್ಚಿಟ್ಟು ಪೂರ್ತಿ ಕೇಳಿದರೆ ಮಾಲೀಕರು ಅದೊಂದನ್ನೇ ಹಿಡಿದುಕೊಂಡು ಜಗಳವನ್ನು ಆರು ತಿಂಗಳು ಎಳೆಯುತ್ತಾರೆ. ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿದ ಪತ್ರಕ್ಕೆ ಉತ್ತರ ಹೇಳುವುದು ಕಷ್ಟ.

'ಆದಷ್ಟು ಬೇಗ' ಎಂಬುದು 'ಸೂಕ್ತ ಕ್ರಮ'ದ ತಮ್ಮ. ತಾರೀಖು ಹಾಕು. ಪತ್ರ ತಲುಪಲು ನಾಲ್ಕೈದು ದಿನ, ಅದಾದ ಮೇಲೆ ಹದಿನೈದು ದಿನ ಎಣಿಸಿ "ಇಂಥ ದಿನಾಂಕದೊಳಗೆ ಈ ಖಾತೆಗೆ ಜಮಾ ಮಾಡಿ, ಲೆಕ್ಕದಲ್ಲಿ ತಕರಾರಿದ್ದರೆ ಅಷ್ಟರೊಳಗೆ ಬರವಣಿಗೆಯಲ್ಲಿ ತಿಳಿಸಿ" ಎಂದು ಬರಿ. ಬರವಣಿಗೆಯಲ್ಲಿ ಎಂಬ ಮಾತನ್ನು ಬಿಡಬೇಡ. ಹೀಗೆ ಬರಬೇಕಾದ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ವರ್ಷಕ್ಕೊಂದು ಪತ್ರ ಹಾಕುತ್ತಿದ್ದರೆ ಆ ಮಿತಿ ಮುಂದಕ್ಕೆ ಹೋಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಹೋಗುವುದಿಲ್ಲ. ಅವಧಿ ಮುಗಿಯುವ ಮೊದಲು ಕೊಡಬೇಕಾದವರೇ "ಹೌದು, ಕೊಡಬೇಕು" ಎಂದು ಬರೆದು ಸಹಿ ಹಾಕಿದರೆ ಅಲ್ಲಿಂದ ಹೊಸ ಲೆಕ್ಕ. ಹಾಗಾಗಿ ನಿನ್ನ ಹತ್ತು ಪತ್ರಗಳಿಗಿಂತ ಅವರ ಎರಡು ಸಾಲಿನ ಉತ್ತರದ ಬೆಲೆ ಹೆಚ್ಚು.

ಪೊಲೀಸರ ಹೆಸರು ಎತ್ತಿದ್ದೀಯ, ತೆಗೆದು ಹಾಕು. ಠಾಣೆಗೆ ಹೋದರೆ "ಇದು ಸಿವಿಲ್ ಸ್ವರೂಪದ್ದು" ಎಂಬ ಹಿಂಬರಹ ಕೈಗೆ ಬರುವ ಸಾಧ್ಯತೆಯೇ ಹೆಚ್ಚು, ಆ ಬೆದರಿಕೆ ಪೊಳ್ಳು ಎಂದು ಮಾಲೀಕರಿಗೂ ಗೊತ್ತು. ಗಡುವು ಮುಗಿದರೆ ವಕೀಲರ ಮೂಲಕ ನೋಟಿಸು ಕಳಿಸುತ್ತೇವೆ ಎಂಬ ಒಂದು ವಾಕ್ಯ ಸಾಕು, ಅದೂ ಬೈಗುಳದ ದನಿಯಿಲ್ಲದೆ.

ಕೈಗೆ ಕೊಟ್ಟರೆ ಸಹಿ ಹಾಕಿಕೊಡುವ ಮಾಲೀಕರು ಅಪರೂಪ, ಅಂಚೆಯಲ್ಲೇ ಕಳಿಸು. ಹಳಬರು ರಿಜಿಸ್ಟರ್ಡ್ ಪೋಸ್ಟ್ ಮಾಡು ಅನ್ನುತ್ತಾರೆ. ಅಂಚೆ ಇಲಾಖೆ ಅದನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದೆ. ಈಗ ಸ್ಪೀಡ್ ಪೋಸ್ಟಿಗೇ ನೋಂದಣಿಯನ್ನೂ ತಲುಪಿದ ಪುರಾವೆಯನ್ನೂ ಸೇರಿಸಿಕೊಡಿ ಎಂದು ಕೇಳಬೇಕು. ರಸೀದಿಯ ಸಂಖ್ಯೆಯನ್ನು ನಿನ್ನ ಬಳಿ ಉಳಿಯುವ ನಕಲಿನ ನೆತ್ತಿಯ ಮೇಲೆ ಬರೆದಿಡು, ರಸೀದಿಯ ಅಚ್ಚು ಬೇಗ ಮಾಸುತ್ತದೆ, ಅದರ ಫೋಟೋ ಕೂಡ ಇರಲಿ. "ಪಡೆಯಲು ನಿರಾಕರಿಸಿದ್ದಾರೆ" ಎಂಬ ಷರಾದೊಂದಿಗೆ ಲಕೋಟೆ ವಾಪಸು ಬಂದರೆ ಒಡೆಯಬೇಡ. ಸರಿಯಾದ ವಿಳಾಸಕ್ಕೆ ಹೋಗಿ ನಿರಾಕರಣೆಯಾಗಿ ಬಂದ ಪತ್ರವನ್ನು ಕೋರ್ಟುಗಳು ಸಾಮಾನ್ಯವಾಗಿ ತಲುಪಿದಂತೆಯೇ ಎಣಿಸುತ್ತವೆ. ಅಂಟು ಬಿಡಿಸಿದ ಲಕೋಟೆಯಾದರೆ ಒಳಗೆ ಇದ್ದದ್ದು ಇದೇ ಪತ್ರ ಎಂದು ಹೇಗೆ ತೋರಿಸುತ್ತೀಯ?

ಸೂಕ್ತ ಕ್ರಮದ ಚಟ ಬಿಡಿಸಿಕೊಳ್ಳಲು ಒಂದು ಅಭ್ಯಾಸವಿದೆ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಜನ ಇದನ್ನು ಬೈಯುತ್ತಾರೆ, ಬೈಯಲು ಕಾರಣವೂ ಇದೆ. ಆದರೆ ಬರೆಯುವವರ ಕೈಗೆ ಇದಕ್ಕಿಂತ ಒಳ್ಳೆಯ ಗರಡಿ ಇಲ್ಲ. ಅಲ್ಲಿ "ಏಕೆ ರಸ್ತೆ ಮಾಡಲಿಲ್ಲ" ಎಂದು ಕೇಳಿದರೆ ಉತ್ತರವಿಲ್ಲ, ಅವರು ಕೊಡಬೇಕಾದ್ದು ದಾಖಲೆ, ವಿವರಣೆಯಲ್ಲ. "ಈ ರಸ್ತೆಯ ಕಾಮಗಾರಿ ಆದೇಶ, ಅಳತೆ ಪುಸ್ತಕ ಮತ್ತು ಬಿಲ್ಲಿನ ದೃಢೀಕೃತ ಪ್ರತಿ ಕೊಡಿ" ಎಂದರೆ 30 ದಿನದೊಳಗೆ ಕೊಡಬೇಕು, ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ. ನಿನ್ನ ಎಲ್ಲ ಪತ್ರಗಳನ್ನೂ ಒಮ್ಮೆ ಈ 150ರೊಳಗೆ ಇಳಿಸಿ ನೋಡು. ಮಾಲೀಕರ ಪತ್ರ ಲೆಕ್ಕದ ಸಮೇತ ಇಳಿಯುತ್ತದೆ, ನಾನು ಎಣಿಸಿದ್ದೇನೆ.

ಬ್ಯಾಂಕಿನ ಪತ್ರಕ್ಕೆ ಕೈ ಹಾಕಲು ಮನಸ್ಸು ಹಿಂಜರಿಯಿತು. ತಂದೆಯನ್ನು ಕಳೆದುಕೊಂಡವರ ಪರವಾಗಿ ಬರೆದದ್ದು, ಮೊದಲ ಪ್ಯಾರಾದಲ್ಲಿ ಅವರ ಬದುಕೇ ಇದೆ. ಆದರೂ ಹೇಳುತ್ತೇನೆ, ಆ ಪ್ಯಾರಾದ ಜಾಗದಲ್ಲಿ ಖಾತೆ ಸಂಖ್ಯೆ, ಮರಣದ ದಿನಾಂಕ, ನಾಮಿನಿಯ ಹೆಸರು ಇರಬೇಕು. ಕೋರಿಕೆ ಒಂದೇ ಸಾಲು: "ಖಾತೆಯಲ್ಲಿರುವ ಪೂರ್ತಿ ಹಣವನ್ನು ನಾಮಿನಿಯಾದ ನನ್ನ ಈ ಖಾತೆಗೆ ವರ್ಗಾಯಿಸಿ, ಆ ಖಾತೆಯನ್ನು ಮುಕ್ತಾಯ ಮಾಡಿ." ಲಗತ್ತಿಗೆ ಬ್ಯಾಂಕಿನ ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ. ಪೂರ್ತಿ ದಾಖಲೆ ತಲುಪಿ 15 ದಿನದೊಳಗೆ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆ 15 ಎಣಿಸಲು ನಿಮ್ಮ ನಕಲಿನ ಮೇಲೆ ಶಾಖೆಯ ಮೊಹರೂ ತಾರೀಖೂ ಬೇಕು. ಮೊಹರು ಹಾಕದೆ "ಇಟ್ಟು ಹೋಗಿ" ಅಂದರೆ ಇಟ್ಟು ಬರಬೇಡಿ.

ಇಂಥ ಪತ್ರಗಳು ಸಿಕ್ಕಿಬೀಳುವುದು ಹೆಸರಿನಲ್ಲಿ. ನಮ್ಮ ಕಡೆ ಇನಿಶಿಯಲ್ ಪಾಸ್‌ಬುಕ್ಕಿನಲ್ಲಿ ಮುಂದೆ, ಆಧಾರಿನಲ್ಲಿ ಹಿಂದೆ, ಮರಣ ಪ್ರಮಾಣಪತ್ರದಲ್ಲಿ ಊರಿನ ಹೆಸರೂ ಸೇರಿ ಮೂರನೇ ಮನುಷ್ಯ. ಕೌಂಟರಿನವರು ಕಂಡುಹಿಡಿಯಲಿ ಎಂದು ಕಾಯದೆ "ಈ ಮೂರೂ ಹೆಸರು ಒಬ್ಬರವೇ" ಎಂದು ಪತ್ರದಲ್ಲೇ ಬರೆದು, ಯಾವ ದಾಖಲೆಯಲ್ಲಿ ಹೇಗಿದೆ ಎಂದು ತೋರಿಸು. ಅಫಿಡವಿಟ್ ಬೇಕೇ ಎಂದು ಮೊದಲ ದಿನವೇ ಕೇಳಿಸು.

ಮೂರನ್ನೂ ತಿದ್ದಿ ಮತ್ತೆ ಕಳಿಸು. ಮಗುವಿನದು ಮೊದಲು. ಬ್ಯಾಂಕಿನದನ್ನು ಕಳಿಸುವ ಮೊದಲು ಒಂದು ಸಲ ಪಾಸ್‌ಬುಕ್ ಪಕ್ಕಕ್ಕಿಟ್ಟು ನೋಡು, ನಿನ್ನ ವಿಷಯದ ಸಾಲಿನಲ್ಲಿರುವ ಖಾತೆ ಸಂಖ್ಯೆಗೂ ಒಳಗಿರುವ ಸಂಖ್ಯೆಗೂ ಒಂದಂಕಿ ವ್ಯತ್ಯಾಸವಿದೆ.

ನಿನ್ನ,
ಅಣ್ಣ