ಪಿತ್ತಕೋಶದ ಆಪರೇಷನ್: ‘ಹೊಟ್ಟೆ ಕೊಯ್ಯಬೇಡಿ’ ಎಂಬ ಹಟ ಬೇಡ

ಮಾನ್ಯರೇ,

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೊಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ, ಪರದೆ ನೋಡುತ್ತ ಪಿತ್ತಕೋಶ ತೆಗೆಯುವ ಆಪರೇಷನ್) ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ಮರುದಿನವೇ ಮನೆಗೆ ಹೋಗುತ್ತಾರೆ. ಹೊಕ್ಕುಳ ಹತ್ತಿರ ಮತ್ತು ಎದೆಗೂಡಿನ ಕೆಳಗೆ 10 ಮಿ.ಮೀ.ನ ಒಂದೊಂದು ತೂತು, ಬಲಪಕ್ಕದಲ್ಲಿ 5 ಮಿ.ಮೀ.ನ ಎರಡು, ಅಷ್ಟೇ. ನೋವೂ ಕಡಿಮೆ, ಗಾಯ ಕೀವಾಗುವುದೂ ಕಡಿಮೆ. ಈ ಹೆಸರು ಕೇಳಿಯೇ ಬೆಂಗಳೂರಿನ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರು ‘ಏನೇ ಆದರೂ ಹೊಟ್ಟೆ ಕೊಯ್ಯಬೇಡಿ ಡಾಕ್ಟ್ರೇ’ ಎಂದು ಮಾತು ತೆಗೆದುಕೊಳ್ಳಲು ನೋಡುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ.

ಪಿತ್ತಕೋಶದ ಕತ್ತಿನಿಂದ ಸಣ್ಣ ನಾಳವೊಂದು ಹೊರಟು, ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯನಾಳವನ್ನು ಸೇರುತ್ತದೆ. ಕತ್ತರಿಸಬೇಕಾದದ್ದು ಸಣ್ಣದನ್ನು. ಬಾವು ಬಂದು ಎಲ್ಲ ಅಂಟಿಕೊಂಡಿದ್ದಾಗ ಪಿತ್ತಕೋಶವನ್ನು ಬರೀ ಮೇಲಕ್ಕೆ ಎಳೆದರೆ ಎರಡೂ ನಾಳಗಳು ಒಂದೇ ಗೆರೆಗೆ ಬಂದು, ಪರದೆಯ ಮೇಲೆ ಒಂದೇ ನಾಳದಂತೆ ಕಾಣುತ್ತವೆ. ಅನುಭವಿಗಳ ಕಣ್ಣೂ ಮೋಸಹೋಗುವುದು ಇಲ್ಲೇ. ಮುಖ್ಯನಾಳಕ್ಕೆ ಪೆಟ್ಟಾಗುವುದು ಸಾವಿರಕ್ಕೆ 2ರಿಂದ 5 ಮಂದಿಗೆ ಮಾತ್ರ. ಆದರೆ ನಾಳ ಪೂರ್ತಿ ತುಂಡಾದರೆ ಸಣ್ಣ ಕರುಳನ್ನೇ ಮೇಲಕ್ಕೆ ತಂದು ಅದಕ್ಕೆ ಹೊಲಿಯುವ ದೊಡ್ಡ ಆಪರೇಷನ್ ಬೇಕಾಗುತ್ತದೆ, ವರ್ಷಗಟ್ಟಲೆ ತಪಾಸಣೆಯೂ ತಪ್ಪದು.

ಇದನ್ನು ತಪ್ಪಿಸಲು 1995ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಶಸ್ತ್ರವೈದ್ಯರು ಹೇಳಿದ ನಿಯಮವಿದೆ. ಕತ್ತಿನ ಬಳಿಯ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಬಿಟ್ಟಿರಬೇಕು. ಪಿತ್ತಕೋಶದೊಳಕ್ಕೆ ಹೋಗುವ ಎರಡೇ ಎರಡು ಎಳೆಗಳು, ಒಂದು ನಾಳ ಒಂದು ರಕ್ತನಾಳ, ಕಾಣಬೇಕು. ಮೂರೂ ಖಚಿತವಾಗುವವರೆಗೆ ಯಾವುದಕ್ಕೂ ಕ್ಲಿಪ್ ಹಾಕುವಂತಿಲ್ಲ, ಕತ್ತರಿ ಇಡುವಂತಿಲ್ಲ. ಎಷ್ಟು ಬಿಡಿಸಿದರೂ ಸ್ಪಷ್ಟವಾಗದಿದ್ದರೆ ಕತ್ತಿನ ಭಾಗ ಉಳಿಸಿ ಮಿಕ್ಕದ್ದನ್ನು ತೆಗೆಯಬಹುದು, ಪಿತ್ತ ಹೊರಹರಿಯಲು ನಳಿಕೆ ಇಟ್ಟು ಆಪರೇಷನ್ ಅಲ್ಲಿಗೇ ನಿಲ್ಲಿಸಬಹುದು, ಇಲ್ಲವೇ ಹೊಟ್ಟೆ ತೆರೆಯಬಹುದು. ಹೀಗೆ ದಾರಿ ಬದಲಿಸುವ ವೈದ್ಯರು ರೋಗಿಯ ಜೀವ ಕಾಯುತ್ತಿರುತ್ತಾರೆ. ಮೊದಲೇ ಮಾತು ಕೊಟ್ಟು ಕೈಕಟ್ಟಿಸಿಕೊಂಡವರಿಗೆ ಆ ನಿರ್ಧಾರ ಕಷ್ಟ.

ತೀವ್ರ ಬಾವು ಬಂದಾಗ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗುತ್ತ ಎರಡು ಮೂರು ವಾರ ತಳ್ಳಿದರೆ ಅಂಟು ಗಟ್ಟಿಯಾಗುತ್ತದೆ. ಮೊದಲ ಮೂರು ನಾಲ್ಕು ದಿನಗಳಲ್ಲಿ ಆಪರೇಷನ್ ಮಾಡಿದರೆ ಬಿಡಿಸುವುದು ಸುಲಭ. ಬೇರೇನಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಂಡ, ಯಾವ ತೊಂದರೆಯನ್ನೂ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ನೇ ಬೇಡ.

ಮನೆಗೆ ಬಂದ ಮೇಲೆ ಎರಡು ಮೂರು ದಿನ ಭುಜ ನೋಯುವುದು ಆಪರೇಷನ್ ವೇಳೆ ಹೊಟ್ಟೆಗೆ ತುಂಬಿದ್ದ ಗಾಳಿಯಿಂದ, ಅದು ತಾನಾಗಿ ಹೋಗುತ್ತದೆ. ಆದರೆ ಇಳಿಯಬೇಕಾದ ಹೊಟ್ಟೆನೋವು ಏರತೊಡಗಿದರೆ, ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಪಿತ್ತ ಸೋರುತ್ತಿರಬಹುದು ಅಥವಾ ನಾಳ ಕಟ್ಟಿರಬಹುದು. ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಕಾಯದೆ, ಆಪರೇಷನ್ ಮಾಡಿದ ಆಸ್ಪತ್ರೆಗೇ ಅಂದೇ ಹೋಗಬೇಕು. ಈ ಲಕ್ಷಣಗಳನ್ನೂ ರಾತ್ರಿಯೂ ಎತ್ತುವ ಒಂದು ಫೋನ್ ನಂಬರನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡುವುದನ್ನು ನಗರದ ಆಸ್ಪತ್ರೆಗಳು ಈಗಲೇ ಶುರುಮಾಡಲಿ.

– ಶಸ್ತ್ರಚಿಕಿತ್ಸಾ ವೈದ್ಯರು, ಜಯನಗರ, ಬೆಂಗಳೂರು