ಮಸ್ಕತ್‌ನಿಂದ ಬಂದ ಕಾಗದ ಬೀರುವಿನಲ್ಲಿ ಉಳಿದಾಗ

ಮಾನ್ಯ ಸಂಪಾದಕರೇ,

ನನ್ನ ಅಣ್ಣ ಒಮಾನ್‌ನ ಸೊಹಾರ್‌ನಲ್ಲಿ ಎಲೆಕ್ಟ್ರಿಷಿಯನ್. ಅಪ್ಪ ತೀರಿಕೊಂಡ ಮೇಲೆ ಹರಿಹರ ತಾಲ್ಲೂಕಿನ ಗದ್ದೆಯನ್ನು ಪಾಲು ಮಾಡಿಕೊಳ್ಳಬೇಕಿತ್ತು. ಅಣ್ಣನಿಗೆ ರಜೆ ಇಲ್ಲ. ಹಾಗಾಗಿ ಮಸ್ಕತ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಹೋಗಿ, ಅಧಿಕಾರಿಯ ಎದುರು ಸಹಿ ಮಾಡಿ, ಚಿಕ್ಕಪ್ಪನ ಹೆಸರಿಗೆ ಪವರ್ ಆಫ್ ಅಟಾರ್ನಿ, ಅಂದರೆ ತನ್ನ ಪರವಾಗಿ ಸಹಿ ಮಾಡಲು ಅಧಿಕಾರ ಕೊಡುವ ಕಾಗದ, ಕಳಿಸಿದ. ಹೋಗಲು ಸುಮಾರು 200 ಕಿಲೋಮೀಟರ್. ಅಲ್ಲಿ ಶುಕ್ರವಾರ, ಶನಿವಾರ ರಜೆ. ಅವನಿಗೆ ರಜೆ ಇರುವ ದಿನ ಕಚೇರಿಯೂ ಮುಚ್ಚಿರುತ್ತದೆ. ಅಂದರೆ ಒಂದು ದಿನದ ಸಂಬಳ ಬಿಟ್ಟೇ ಹೋಗಬೇಕು.

ಜೂನ್‌ನಲ್ಲಿ ಕೊರಿಯರ್ ಬಂತು. ಆಷಾಢದಲ್ಲಿ ಬೇಡ ಅಂದರು ಅವ್ವ. ಆಮೇಲೆ ಭದ್ರಾ ನಾಲೆಗೆ ನೀರು ಬಂದು ನಾಟಿ ಶುರುವಾಯಿತು. ಗಣೇಶನ ಹಬ್ಬ, ಅದರ ಹಿಂದೆಯೇ ಪಿತೃಪಕ್ಷ. ಮಹಾನವಮಿ ಕಳೆದ ಮೇಲೆ ಕಾಗದವನ್ನು ಬೀರುವಿನಿಂದ ತೆಗೆದು ನೋಂದಣಿ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಒಂದೇ ಮಾತು ಕೇಳಿದರು: "ಇದಕ್ಕೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಿಸಿದ್ದೀರಾ?"

ನಮಗೆ ಗೊತ್ತೇ ಇರಲಿಲ್ಲ. ರಾಯಭಾರ ಕಚೇರಿಯ ಸೀಲು ಬಿದ್ದ ಮೇಲೆ ಇನ್ನೇನು ಬೇಕು ಅಂತ ನಾವು ಸುಮ್ನೆ ಇದ್ದೆವು. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 18ನೇ ಕಲಂ ಹೇಳುವುದು ಹೀಗೆ: ರಾಜ್ಯದ ಹೊರಗೆ ಸಹಿಯಾದ ಪತ್ರ ರಾಜ್ಯಕ್ಕೆ ಬಂದ ದಿನದಿಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿನ ಡ್ಯೂಟಿ ಕಟ್ಟಬೇಕು. ತಡವಾದರೆ ದಂಡದ ಮಾತು ಬರುತ್ತದೆ. ನಮಗೆ ಆಗಲೇ ನಾಲ್ಕು ತಿಂಗಳಾಗಿತ್ತು. ದಂಡ, ಓಡಾಟ ಎಲ್ಲ ಲೆಕ್ಕ ಹಾಕಿ, ಹೊಸ ಕಾಗದವನ್ನೇ ಮಾಡಿಸೋಣ ಎಂದು ಅಣ್ಣ ಮತ್ತೆ ಸಂಬಳ ಬಿಟ್ಟು ಮಸ್ಕತ್‌ಗೆ ಹೋದ. ಫೋನಿನಲ್ಲಿ ಅವನು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಗುಮಾಸ್ತರದ್ದು ತಪ್ಪಿಲ್ಲ, ಕಾನೂನು ಇದೆ. ಆದರೆ ಜೂನ್‌ನಲ್ಲೇ ಯಾರಾದರೂ ಹೇಳಿದ್ದರೆ ಒಂದೇ ದಿನದ ಕೆಲಸವಾಗಿತ್ತು ಅಲ್ವಾ? ಜಿಲ್ಲೆಯ ಎಲ್ಲ ಉಪ ನೋಂದಣಾಧಿಕಾರಿ ಕಚೇರಿಗಳಲ್ಲೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡು ಹಾಕಲಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ವಿದೇಶದಿಂದ ಪವರ್ ಆಫ್ ಅಟಾರ್ನಿ ಬಂದರೆ ಎಷ್ಟು ದಿನದೊಳಗೆ, ಯಾವ ಕಚೇರಿಗೆ ತರಬೇಕು, ಜೊತೆಗೆ ಏನು ಇಡಬೇಕು ಎಂಬುದು ಅದರಲ್ಲಿ ಇರಲಿ. ಕೊರಿಯರ್ ಕವರನ್ನು ಎಸೆಯಬೇಡಿ ಎಂದೂ ಬರೆಯಲಿ. ಕಾಗದ ಯಾವತ್ತು ಬಂತು ಎಂದು ತೋರಿಸಲು ಅದರ ಮೇಲಿನ ತಾರೀಖು ಬೇಕಾಗುತ್ತದೆ. ನಾವು ಎಸೆದಿದ್ದೆವು.

ವಿದೇಶ ಅಂದರೆ ಅಮೆರಿಕದ ಸಾಫ್ಟ್‌ವೇರ್ ಮಂದಿ ಮಾತ್ರ ಎಂದು ಅಧಿಕಾರಿಗಳು ತಿಳಿಯಬಾರದು. 2023ರ ಏಪ್ರಿಲ್‌ನಲ್ಲಿ ಸೂಡಾನ್‌ನಲ್ಲಿ ಗುಂಡಿನ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನರೂ ಇದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಅಷ್ಟು ದೂರ ಹೋಗಿದ್ದರು. ಇಂಥ ಮನೆಗಳವರು ವಕೀಲರನ್ನು ಹುಡುಕಿಕೊಂಡು ಹೋಗುವುದಿಲ್ಲ. ಬೋರ್ಡು ಕಂಡರೆ ಓದುತ್ತಾರೆ, ಓದಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು. ಪಕ್ಕದ ಗದ್ದೆ ಮಾರಾಟಕ್ಕೆ ಬಂದಿತ್ತು. ಅಣ್ಣ ತನ್ನ ಹೆಸರಿಗೇ ಕೊಳ್ಳಬೇಕು ಎಂದಿದ್ದ. ಹೊರದೇಶದಲ್ಲಿ ಕೆಲಸಕ್ಕಿರುವವರು ಅಪ್ಪನಿಂದ ಬಂದ ಹೊಲ ಗದ್ದೆ ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ ಎಂಬುದೂ ನಮಗೆ ಆಮೇಲೆ ತಿಳಿಯಿತು. ವಿದೇಶಿ ವಿನಿಮಯದ ನಿಯಮವಂತೆ. ಮನೆ, ಸೈಟು ಕೊಳ್ಳಲು ಅಡ್ಡಿಯಿಲ್ಲ. ಪುಣ್ಯಕ್ಕೆ ಮುಂಗಡ ಕೊಟ್ಟಿರಲಿಲ್ಲ. ಊರಿನ ಬ್ಯಾಂಕಿನಲ್ಲಿದ್ದ ಅವನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆ (ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಇಡುವ ರೂಪಾಯಿ ಖಾತೆ) ಮಾಡಿಸುವುದೂ ಬಾಕಿ ಇದೆ.

ಜಿಲ್ಲಾಧಿಕಾರಿಗಳು ತಿಂಗಳಿಗೆ ಒಂದು ದಿನ, ನೋಂದಣಿಯವರು ಮತ್ತು ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕಿನವರನ್ನು ಒಟ್ಟಿಗೆ ಕೂರಿಸಿ, ಹೊರಗೆ ದುಡಿಯುವವರ ಮನೆಯವರ ಪ್ರಶ್ನೆಗಳಿಗೆ ಉತ್ತರ ಕೊಡಿಸಲಿ. ನಿಮ್ಮ ಪತ್ರಿಕೆಯೂ ವಾರಕ್ಕೊಂದು ಪ್ರಶ್ನೆ ತೆಗೆದುಕೊಂಡರೆ ತುಂಬಾ ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ನಾನಂತೂ ಇಟ್ಟುಕೊಳ್ಳುತ್ತೇನೆ.

ಹೊಸ ಕಾಗದ ಕಳೆದ ಸೋಮವಾರ ಬಂತು. ಮಂಗಳವಾರ ಬೆಳಿಗ್ಗೆಯೇ ಚಿಕ್ಕಪ್ಪನನ್ನು ಕರೆದುಕೊಂಡು ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಿ ಬಂದೆ. ಈ ಸಲ ಕವರೂ ಜೊತೆಗಿತ್ತು.

ಇತಿ,
ಒಮಾನ್‌ನಲ್ಲಿರುವ ಅಣ್ಣನ ತಂಗಿ
ವಿದ್ಯಾನಗರ, ದಾವಣಗೆರೆ